ಶಾಂತಾ ಅಂದ ‘ಹೂಂ’

ಇಂಗ್ರಿಡ್ ಬಾಯಿ, ಆ ದಿನ ತಪ್ಪಿದ್ದು ನಿಮ್ಮ ಕೈಯಲ್ಲ. ನನ್ನ ತಂಗಿ ಶಾಂತಾಳಿಗೆ ಕುಷ್ಠ ಹತ್ತಿದೆ ಎಂದು ನಿಮಗಿಂತ ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೇ ನಿಮ್ಮ ಪರೀಕ್ಷೆಯನ್ನು ಕೆಡಿಸಿದೆ. ಆಮೇಲೆ ಅಪವಾದ ನಿಮ್ಮ ಮೇಲೆ ಬಂದಾಗ ನಿಮ್ಮ ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ.

ಎಪ್ಪತ್ತರ ದಶಕದ ಯಾವ ವರ್ಷ — ಹೇಳಲಾರೆ. ನೆನಪು ತನಗೆ ಬೇಕಾದ್ದನ್ನೇ ಒಪ್ಪವಾಗಿ ಜೋಡಿಸಿಡುತ್ತದೆ, ನಾನು ಅದನ್ನು ನಂಬುವುದಿಲ್ಲ. ನೀವು ನಾರ್ವೆಯಿಂದ ಎರಡು ವರ್ಷದ ಸೇವೆಗೆಂದು ಸೊಲ್ಲಾಪುರದ ಮಿಶನ್ ದವಾಖಾನೆಗೆ ಬಂದವರು. ಇಪ್ಪತ್ತೊಂದು ಇದ್ದೀತು ನಿಮಗೆ. ನಾನೂ ಅದೇ ವಯಸ್ಸಿನವನು. ಗಿರಣಿ ಕಾರ್ಮಿಕನ ಮಗ, ಮೆಟ್ರಿಕ್ ಇಂಗ್ಲಿಷಿನ ದುಭಾಷಿ. ಅಕ್ಕಲಕೋಟೆ ತಾಲೂಕಿನ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಜನರ ಮೈಮೇಲಿನ ಮಚ್ಚೆ ನೋಡುವುದು ನಮ್ಮ ಕೆಲಸ. ರೋಗಿ ಕಣ್ಣು ಮುಚ್ಚಬೇಕು, ನೀವು ಮಚ್ಚೆಗೆ ಪುಕ್ಕ ಮುಟ್ಟಿಸುವಿರಿ, ತಿಳಿದರೆ ‘ಹೂಂ’ ಅನ್ನಬೇಕು. ತಿಳಿಯದಿದ್ದರೆ ಕುಷ್ಠವೆಂದು ಹೆಸರು ರೋಗಿಗಳ ವಹಿಗೆ ಹೋಗುತ್ತದೆ.

ಪುಕ್ಕವೋ, ಹತ್ತಿಯ ಎಳೆಯೋ? ಹಳ್ಳಿಯವರ ಬಾಯಲ್ಲಿ ‘ಮೇಡಂ’ ಹೋಗಿ ನೀವು ‘ಮಡ್ಡಮ್ಮ’ ಆಗಿದ್ದಿರಿ. ಒಬ್ಬ ಮುದುಕಿ ನಿಮ್ಮನ್ನು ಕೇಳಿದ್ದು ಕಿವಿಯಲ್ಲಿದೆ: “ಏ ಮಡ್ಡಮ್ಮಾ, ಕೋಳಿ ನೀ ತಿಂದು ಪುಕ್ಕ ನಮಗ ತಂದೀಯೇನು?” ಹಾಗಾದರೆ ಪುಕ್ಕವೇ ಇರಬೇಕು. ಏನಂದಳು ಎಂದು ನೀವು ಕೇಳಿದಿರಿ. ಆಶೀರ್ವಾದ ಮಾಡಿದಳು ಎಂದೆ. ಸುಳ್ಳು ನನಗೆ ಅಷ್ಟು ಸಲೀಸಾಗಿತ್ತು.

ವಹಿಯಲ್ಲಿ ಹೆಸರಿದ್ದವರ ಮನೆಗೆ ತಿಂಗಳಿಗೊಮ್ಮೆ ಗುಳಿಗೆ ಹೊತ್ತ ಜೀಪು ಬರುತ್ತಿತ್ತು. ನಿಮಗೆ ಅದು ಔಷಧದ ಗಾಡಿ. ನಮ್ಮ ಜನಕ್ಕೆ — ಜೀಪು ನಿಂತ ಬಾಗಿಲಿನಿಂದ ಯಾರೂ ಹೆಣ್ಣು ತರುತ್ತಿರಲಿಲ್ಲ.

ನಮ್ಮೂರು ಕುರನೂರಿನ ಸರದಿ ಬರುವ ಹಿಂದಿನ ದಿನ ಶಾಂತಾಳ ಎಡಗೈಯ ಮಚ್ಚೆಯನ್ನು ನಾನು ಉಗುರಿನಿಂದ ಚೂಟಿದೆ. ಮುಖ ಆ ಕಡೆ ತಿರುಗಿಸಿಕೊಂಡು ನಗುತ್ತಿದ್ದಳು.

“ಅಣ್ಣಾ, ಚೂಟೋದು ಚೂಟು. ಬರೇ ಚ್ಯಾಷ್ಟಿ ಮಾಡಾಕತ್ತೀಯಲ್ಲ!”

ನನ್ನ ಉಗುರಿನಲ್ಲಿ ರಕ್ತವಿತ್ತು.

ಅವ್ವ ನೋಡಿದಳು. “ಎಂಟ ದಿನದಾಗ ಆಕಿ ತಲಿಮ್ಯಾಲ ಅಕ್ಕಿಕಾಳ ಬೀಳತಾವ. ಬಾಯಿ ಮುಚ್ಚು,” ಅಂದಳು. ಗಂಡು ದುಧನಿಯವನು. ಜೀಪು ಆ ಊರಿಗೂ ಹೋಗುತ್ತಿತ್ತು.

ಆ ಸಂಜೆ ನಾನೇ ಶಾಂತಾಳನ್ನು ಕೂರಿಸಿಕೊಂಡು ಹೇಳಿದೆ: “ಮಡ್ಡಮ್ಮನೇ ಹೇಳ್ಯಾಳ. ಪುಕ್ಕ ಭಾಳ ಹಗುರ, ಯಾರಿಗೂ ತಿಳಿಯಂಗಿಲ್ಲ. ನಾ ನಿನ್ನ ಬಲಗೈ ಒತ್ತಿದ ಕೂಡ್ಲೇ ಹೂಂ ಅನ್ನು.”

“ಮತ್ತ ಪರೀಕ್ಷಾ ಯಾಕ?”

“ಸರಕಾರದ ಕಾಗದಕ್ಕ.”

ನಂಬಿದಳು. ನನ್ನನ್ನಲ್ಲ — ನಿಮ್ಮನ್ನು.

ಮರುದಿನ ನಮ್ಮ ಪಡಸಾಲೆಯಲ್ಲಿ ಅವಳ ಬಲಗೈ ನನ್ನ ಕೈಯೊಳಗಿತ್ತು. ಹುಡುಗಿ ಅಂಜುತ್ತಾಳೆ, ಹಿಡಿದುಕೊಳ್ಳುತ್ತೇನೆ ಎಂದಿದ್ದೆ, ನೀವು ಒಪ್ಪಿದಿರಿ. ಪುಕ್ಕ ಮುಟ್ಟಿತು, ಒತ್ತಿದೆ. ಹೂಂ. ಮತ್ತೆ ಮುಟ್ಟಿತು. ಹೂಂ. ಬೆವರಿನಿಂದ ಅವಳ ಬೆರಳು ಜಾರುತ್ತಿದ್ದವು, ಹೊರಗೆ ಜೀಪಿನ ಸುತ್ತ ಅರ್ಧ ಊರು ನೆರೆದಿತ್ತು. ಮೂರನೆಯ ಸಲವೋ ಐದನೆಯ ಸಲವೋ ನೀವು ಪುಕ್ಕ ಎತ್ತಿ, ಮುಟ್ಟಿಸದೆ, ಗಾಳಿಯಲ್ಲೇ ತಡೆದಿರಿ. ಹೆದರಿ ನಾನು ಒತ್ತಿಬಿಟ್ಟೆ.

“ಹೂಂ,” ಅಂದಳು ಶಾಂತಾ, ಕಣ್ಣು ಮುಚ್ಚಿಕೊಂಡೇ.

ನೀವು ಅವಳ ಮುಖ ನೋಡಿದಿರಿ. ಆಮೇಲೆ ನನ್ನ ಮುಖ. ಮೆಲ್ಲಗೆ ಇಂಗ್ಲಿಷಿನಲ್ಲಿ, ಇವಳಿಗೆ ನಿಜವಾಗಿ ತಿಳಿಯುತ್ತಿದೆಯೇ ಎಂದು ಕೇಳಿದಿರಿ. ತಿಳಿಯುತ್ತಿದೆ, ನಾಚಿಕೆಗೆ ಅವಸರ ಮಾಡುತ್ತಾಳೆ — ಎಂದೆ. ನೀವು ನಕ್ಕಿರಿ. ಅಥವಾ ನಗಲಿಲ್ಲ, ಆ ನಗುವನ್ನು ನನ್ನ ಸಮಾಧಾನಕ್ಕೆ ನಾನೇ ಆಮೇಲೆ ಸೇರಿಸಿರಬಹುದು. ರೋಗವಿಲ್ಲ ಎಂದು ಬರೆದುಕೊಂಡಿದ್ದು ಮಾತ್ರ ನಿಜ.

ಮದುವೆಯಾಯಿತು. ವರ್ಷ ಕಳೆದ ಮೇಲೆ ರೊಟ್ಟಿ ಬೇಯಿಸುವಾಗ ಅವಳ ಎಡಗೈ ಹಂಚಿಗೆ ಅಂಟಿತು. ವಾಸನೆ ಬಂದ ಮೇಲೆಯೇ ಅವಳಿಗೆ ಗೊತ್ತಾದದ್ದು. ಅಷ್ಟರಲ್ಲಾಗಲೇ ಎರಡು ಬೆರಳು ಮಡಚಿಕೊಂಡಿದ್ದವು. ಅವಳನ್ನು ರೈಲಿನಲ್ಲಿ ನಮ್ಮ ದವಾಖಾನೆಗೆ ಕರೆತಂದವನು ಅವಳ ಗಂಡ. ನಾವು ಹೆದರಿದ್ದು ಆತನಿಗೇ. ಆತ ಅವಳನ್ನು ಬಿಡಲಿಲ್ಲ. ಗುಳಿಗೆಯಿಂದ ರೋಗ ನಿಂತಿತು, ಬೆರಳು ನೆಟ್ಟಗಾಗಲಿಲ್ಲ.

ಹಿರಿಯ ಡಾಕ್ಟರು ಹಳ್ಳಿ ಪರೀಕ್ಷೆಯ ಹಾಳೆ ತೆಗೆದು, ‘ರೋಗವಿಲ್ಲ’ ಎಂದಿದ್ದ ನಿಮ್ಮ ಅಕ್ಷರದ ಮೇಲೆ ಬೆರಳಿಟ್ಟರು. ನೀವು ನನ್ನತ್ತ ನೋಡಲಿಲ್ಲ. “ನಾನು ಅವಸರ ಮಾಡಿರಬೇಕು,” ಎಂದಿರಿ. ಆ ಕ್ಷಣ — ಒಂದು ಮಾತು ಸಾಕಿತ್ತು. ಮರುದಿನದಿಂದ ನಿಮ್ಮನ್ನು ಹಳ್ಳಿಗೆ ಕಳಿಸಲಿಲ್ಲ. ಆ ತಿರುಗಾಟವನ್ನು ನೀವು ದೇವರು ಕರೆದ ಕೆಲಸ ಎನ್ನುತ್ತಿದ್ದಿರಿ. ನಾರ್ವೆಗೆ ಹೊರಡುವ ತನಕ ಒಳಕೋಣೆಯಲ್ಲಿ ಕೂತು ಬ್ಯಾಂಡೇಜು ಸುತ್ತಿದಿರಿ. ನನ್ನನ್ನು ಉಳಿಸಲೆಂದು ಹಾಗೆ ಹೇಳಿದಿರೋ, ಅಥವಾ ನಿಮ್ಮ ಕೈಯೇ ತಪ್ಪಿತೆಂದು ನಿಜವಾಗಿ ನಂಬಿದಿರೋ? ಎರಡನೆಯದನ್ನೇ ನಂಬಿಕೊಂಡು ನೀವು ಮುದುಕಿಯಾಗಿದ್ದರೆ?

ನಿಮ್ಮ ವಿಳಾಸ ನನ್ನಲ್ಲಿಲ್ಲ. ನೀವು ಇದ್ದೀರೋ ಇಲ್ಲವೋ. ಆದರೆ ಶಾಂತಾ ಇದ್ದಾಳೆ. ಹೋದ ತಿಂಗಳು ಮೊಮ್ಮಗಳು ಅವಳ ಬೆರಳು ಹಿಡಿದು ಕೇಳಿದಾಗ, “ಒಬ್ಬಾಕಿ ಮಡ್ಡಮ್ಮ ಬಂದಿದ್ಲವ್ವಾ. ಆಕಿ ಮಾತು ಕೇಳಿ ನನ್ನ ಕೈ ಹೋತು,” ಎಂದಳು. ಅಲ್ಲೇ ಕೂತಿದ್ದೆ. ಚಹಾ ಕುಡಿದು ಎದ್ದು ಬಂದೆ.

ನಾಳೆ ಮುಂಜಾನೆಯ ಗಾಡಿಗೆ ದುಧನಿಗೆ ಹೋಗುತ್ತೇನೆ. ಅವಳು ಬಾಗಿಲು ಹಾಕಿಕೊಂಡಾಳು, ಹಾಕಿಕೊಳ್ಳಲಿ. ಹೆದರಿಕೆ ಹೋಗಿಲ್ಲ. ಹೇಳಬೇಕಾದ್ದನ್ನು ಮಾತ್ರ ಮತ್ತೆ ಮತ್ತೆ ಅಂದುಕೊಳ್ಳುತ್ತಿದ್ದೇನೆ, ನಡುವೆ ತಪ್ಪಿಸಿಕೊಳ್ಳಬಾರದೆಂದು:

ಶಾಂತಾ, ಮಡ್ಡಮ್ಮ ಹಂಗ ಹೇಳಿರ್ಲಿಲ್ಲ. ನಾ ಹೇಳಿದ್ದೆ.