ಮಳೆ ಬರುತ್ತೆ ಅಂದಿದ್ದು ನಾನೇ

ನನ್ನನ್ನು ನೋಡಲು ಬಂದಿದ್ದ ನೆಲಮಂಗಲದ ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆ ಕೆಳಗಿಡುತ್ತಾ, ನಾನು ಏನು ಕೆಲಸ ಮಾಡುತ್ತೇನೆಂದು ಕೇಳಿದರು. ಆವತಿಯ ನಮ್ಮ ಮನೆಯಲ್ಲೇ ಕೂತು ದೂರದ ಬಂದರುಗಳಿಗೆ ಹವಾಮಾನ ಮುನ್ಸೂಚನೆ ಕೊಡುತ್ತೇನೆ ಎಂದೆ. ಉಪಗ್ರಹದ ಚಿತ್ರ, ರಾಡಾರ್, ಅಲ್ಲಲ್ಲಿ ನೆಟ್ಟ ಮಾಪಕಗಳು ಕಳಿಸುವ ಗಾಳಿ, ತೇವ, ಒತ್ತಡದ ಮಾಹಿತಿ ಎಲ್ಲವೂ ನನ್ನ ಕಂಪ್ಯೂಟರಿಗೆ ಬರುತ್ತದೆಂದು ಉತ್ಸಾಹದಿಂದಲೇ ವಿವರಿಸಿದೆ. ಆಕೆ ಅಪ್ಪನ ಕಡೆ ತಿರುಗಿದರು.

“ಗಿಣಿಶಾಸ್ತ್ರದೋಳನ್ನ ಸೊಸೆ ಮಾಡ್ಕೊಂಡ್ರೆ ನೆಂಟರು ನಗ್ತಾರೆ ಕಣ್ರೀ.”

ಹುಡುಗ ನಕ್ಕ. ಅಪ್ಪನೂ ಮರ್ಯಾದೆಗೆ ನಗಲು ಹೋಗಿ, ಆಗದೆ, ನೀರಿನ ಲೋಟ ಎತ್ತಿಕೊಂಡರು. ಆಕೆಯ ಮಾತಿಗಿಂತ ಅಪ್ಪನ ಆ ಮುಖ ನನ್ನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತುಬಿಟ್ಟಿತು.

ಮರುವರ್ಷ ಬೇಸಿಗೆಯಲ್ಲಿ ಅದೇ ಹುಡುಗನಿಗೆ ಬೇರೆ ಕಡೆ ಮದುವೆ ಗೊತ್ತಾಯಿತು. ಅರಿಶಿನಕುಂಟೆ ಹತ್ತಿರದ ಬಯಲಲ್ಲಿ ಆರತಕ್ಷತೆ. ಶಾಮಿಯಾನದ ಕೆಲಸ ಸಿಕ್ಕಿದ್ದು ನನ್ನ ಸೋದರಮಾವನಿಗೆ. ಮೇಲೆ ಏನೂ ಹೊದಿಸಬಾರದು, ಫೋಟೋದಲ್ಲಿ ಆಕಾಶ ಕಾಣಬೇಕು ಎಂದು ಹುಡುಗನ ಕಡೆಯವರ ಅಪ್ಪಣೆಯಂತೆ. ಮಾವನಿಗೆ ಯಾಕೋ ಮಳೆ ಬರಬಹುದೆಂದು ಅನುಮಾನ. ಹಿಂದಿನ ದಿನ ನನಗೆ ಫೋನ್ ಮಾಡಿದ.

ನಾನು ಮೋಸ ಮಾಡಲಿಲ್ಲ. ಬಂದರಿಗೆ ನೋಡುವಷ್ಟೇ ನಿಷ್ಠೆಯಿಂದ ನೋಡಿದೆ. ನೆಲ ಕಾದಿತ್ತು, ಪೂರ್ವದಿಂದ ತೇವದ ಗಾಳಿ ನುಗ್ಗುತ್ತಿತ್ತು, ಹವೆಯ ಲೆಕ್ಕ ಹಾಕುವ, ಎಂದೂ ಒಂದನ್ನೊಂದು ಒಪ್ಪದ ಕಂಪ್ಯೂಟರ್ ಮಾದರಿಗಳು ಅಂದು ಒಂದೇ ಮಾತು ಹೇಳುತ್ತಿದ್ದವು. ಮರುದಿನ ಸಂಜೆ ಗುಡುಗು, ಗಾಳಿ, ಜೋರು ಮಳೆ. ತಗಡಿನ ಚಪ್ಪರ ಹಾಕು, ಗುಡುಗು ಶುರುವಾದ ಕೂಡಲೇ ಕರೆಂಟ್ ತೆಗೆಸು ಎಂದೆ. ಆಮೇಲೆ ಒಂದು ಮಾತು ಸೇರಿಸಿದೆ.

“ಹೇಳಿದ್ದು ನಾನೇ ಅಂತ ಮರೀದೆ ಹೇಳು ಮಾವ.”

ನನ್ನ ಹೆಸರು ಕೇಳಿದರೆ ಅವರು ಏನು ಮಾಡುತ್ತಾರೆಂದು ನನಗೆ ಮಳೆಗಿಂತ ಖಚಿತವಾಗಿ ಗೊತ್ತಿತ್ತು. ಹಾಗೇ ಆಯಿತು. ಹೊಟ್ಟೆಕಿಚ್ಚಿಗೆ ಮಳೆ ಬರುವುದಿಲ್ಲ ಎಂದು ಆ ತಾಯಿ ಚಪ್ಪರ ಬೇಡವೇ ಬೇಡ ಅಂದರಂತೆ.

ಮರುದಿನ ಸಂಜೆ ನನಗೆ ರಜೆ. ಆದರೂ ರಾಡಾರ್ ಚಿತ್ರ ತೆರೆದು ಕೂತೆ. ಮಾಗಡಿ ಕಡೆ ಹಸಿರು ಚುಕ್ಕೆಯೊಂದು ಹುಟ್ಟಿ, ಮಳೆ ಬಲಿತಂತೆ ಹಳದಿಯಾಗಿ, ಕೆಂಪಾಗಿ ನೆಲಮಂಗಲದತ್ತ ತೆವಳಿತು. ನಮ್ಮೂರಲ್ಲಿ ಎಲೆ ಅಲ್ಲಾಡುತ್ತಿರಲಿಲ್ಲ. ಆ ಕೆಂಪು ಅರಿಶಿನಕುಂಟೆಯನ್ನು ಪೂರ್ತಿ ನುಂಗಿದಾಗ ನಾನು ಕಾಫಿ ಮಾಡಿಕೊಂಡು ಬಂದು, ಗುಟುಕು ಗುಟುಕಾಗಿ ಕುಡಿದೆ. ಅಷ್ಟು ರುಚಿಯಾದ ಕಾಫಿ ನಾನು ಇವತ್ತಿನವರೆಗೂ ಕುಡಿದಿಲ್ಲ.

ಯಾರಿಗೂ ಪೆಟ್ಟಾಗಲಿಲ್ಲ. ಮಾವ ಮೊದಲೇ ಕರೆಂಟ್ ತೆಗೆಸಿದ್ದ. ಹೂವಿನ ಮಂಟಪ ಮಗುಚಿತಂತೆ, ಬಿಸಿಬೇಳೆಬಾತಿನ ಪಾತ್ರೆ ತುಂಬಾ ನೀರಂತೆ, ನೆಂಟರೆಲ್ಲ ಬಸ್ಸಿನೊಳಗೆ ಒದ್ದೆಯಾಗಿ ಕೂತು ಆ ತಾಯಿಗೆ ಶಾಪ ಹಾಕಿದರಂತೆ. ಮಾರನೇ ದಿನ ನಮ್ಮ ಮನೆಗೆ ಬಂದ ಮಾವ ಹೇಳುತ್ತಾ ಹೋದ, ನಾನು ಒಂದೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡೆ.

ಅಪ್ಪ ಪಕ್ಕದಲ್ಲೇ ಕೂತಿದ್ದರು. ಎಲ್ಲ ಕೇಳಿಸಿಕೊಂಡು, ಮದುಮಗಳ ಸೀರೆಯೂ ಹಾಳಾಗಿರಬೇಕು ಪಾಪ, ಎಂದರು. ಅವಳ ಬಗ್ಗೆ ನನಗೂ ಬೇಜಾರಾಯಿತು, ಅವಳೊಬ್ಬಳ ಬಗ್ಗೆ ಮಾತ್ರ.