ಅತ್ತೆಯ ಕೋಳಿ, ಹನ್ನೊಂದನೇ ಮರಿ

ಕಡಲ ಪ್ರಾಣಿಗಳ ಆರೈಕೆ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ಮೀನಿನ ಬಕೆಟ್ಟು ಹೊರುತ್ತಿದ್ದವಳಿಗೆ ಬಕೆಟ್ಟಕ್ಕ ಅಂತಲೇ ಹೆಸರು. ತಾಯಿ ಸತ್ತು ದಡ ಸೇರಿದ ಸೀಲ್ ಎಂಬ ಕಡಲನಾಯಿಯ ಮರಿಗಳಿಗೆ ಮೀನು ನುಂಗಲು ಕಲಿಸುವುದು ಅವಳ ಕೆಲಸ. ಮೀನನ್ನು ತಲೆಯ ಕಡೆಯಿಂದಲೇ ಬಾಯಿಗಿಡಬೇಕು. ಬಾಲದ ಕಡೆಯಿಂದ ಇಟ್ಟರೆ ಈಜುರೆಕ್ಕೆಯ ಮುಳ್ಳು ಗಂಟಲಿಗೆ ಚುಚ್ಚುತ್ತದೆ. ಆ ವರ್ಷ ಬಂದ ಹನ್ನೊಂದನೇ ಮರಿ ಅವಳನ್ನು ಬಿಟ್ಟು ಬೇರೆ ಯಾರ ಕೈಯ ಮೀನನ್ನೂ ಮೂಸಿ ನೋಡುತ್ತಿರಲಿಲ್ಲ.

ಅದೇ ವರ್ಷ ಹಕ್ಕಿಜ್ವರ ಬಂತು. ಮೊದಲು ಕಡಲಹಕ್ಕಿಗಳು ಉದುರಿದವು. ಆಮೇಲೆ ದಡದಲ್ಲಿ ಸೀಲುಗಳು ನಡುಗುತ್ತಾ, ಉಸಿರಿಗೆ ಒದ್ದಾಡುತ್ತಾ ಸತ್ತವು. ಕೇಂದ್ರದ ಡಾಕ್ಟರಮ್ಮ ಕೆಲಸದವರ ಮುಂದೆ ಒಂದೊಂದು ಹಾಳೆ ಇಟ್ಟರು: ಮನೆಯಲ್ಲಿ ಕೋಳಿ, ಬಾತು ಸಾಕಿದವರು ಕೇಂದ್ರದೊಳಗೆ ಕಾಲಿಡುವಂತಿಲ್ಲ. ಬಕೆಟ್ಟಕ್ಕ ‘ಇಲ್ಲ’ ಎಂದು ಬರೆದು ಸಹಿ ಹಾಕಿದಳು. ಹಿತ್ತಿಲಲ್ಲಿದ್ದ ಆರು ಕೋಳಿ ಅತ್ತೆಯವು, ತನ್ನವಲ್ಲವಲ್ಲ!

ಆದರೂ ಅಂದಿನಿಂದ ಬೂಟನ್ನು ಔಷಧಿ ನೀರಲ್ಲಿ ಒಮ್ಮೆ ಅದ್ದುವ ಕಡೆ ಮೂರು ಸಲ ಅದ್ದಿದಳು. ಬ್ಲೀಚಿಂಗ್ ನೀರಿಗೆ ಅಂಗೈ ಬಿರಿಯಿತು. ಊಟಕ್ಕೆ ಕೂತವಳು ಅರ್ಧಕ್ಕೇ ಎದ್ದು ಹಿತ್ತಿಲಿಗೆ ಹೋಗಿ ಕೋಳಿ ನೋಡಿ ಬರುವಳು.

ಒಂದು ಬೆಳಿಗ್ಗೆ ಚುಕ್ಕೆಕೋಳಿ ಗೂಡಿನ ಮೂಲೆಯಲ್ಲಿ ತೂಕಡಿಸುತ್ತಿತ್ತು. ಜುಟ್ಟು ಕಪ್ಪಿಟ್ಟಿತ್ತು.

“ಅತ್ತೆ, ಇದಕ್ಕೇನಾಗಿದೆ?”

“ವಯಸ್ಸಾಗಿದೆ. ನನಗೂ ಆಗಿದೆ, ನನ್ನನ್ನ ಯಾರು ಹೀಗೆ ಬಗ್ಗಿ ನೋಡಿದ್ರು?”

“ತಮಾಷೆ ಬೇಡ. ಇದಕ್ಕೆ ಆ ಜ್ವರ ಇದ್ರೆ ನನ್ನ ಕಾಲಿಗಂಟಿಕೊಂಡು ಅಲ್ಲಿಗೂ ಹೋಗಿರುತ್ತೆ.”

“ಆ ಕಡಲನಾಯಿಗಳಿಗೆ ಮಾಡೋ ಉಪಚಾರದಲ್ಲಿ ಕಾಲು ಭಾಗ ನನ್ನ ಮಗನಿಗೆ ಮಾಡಿದ್ರೆ ಅವನು ಗುಂಡುಗುಂಡಾಗಿರ್ತಿದ್ದ,” ಎಂದ ಅತ್ತೆ ಇನ್ನೊಮ್ಮೆ ಗೂಡಿನೊಳಗೆ ಇಣುಕಿ ದನಿ ಇಳಿಸಿದರು. “ಹೋಗು ತಾಯಿ, ಹೇಳಿಬಿಡು. ನೀನು ಹೀಗೆ ಒಳಗೂ ಹೊರಗೂ ಸುತ್ತೋದನ್ನ ನೋಡೋಕಾಗಲ್ಲ.”

ಅವಳು ಕೇಂದ್ರದ ಗೇಟಿನ ಹೊರಗೇ ನಿಂತು ಡಾಕ್ಟರಮ್ಮನನ್ನು ಕರೆಸಿ ಎಲ್ಲ ಹೇಳಿದಳು.

“ನಿನ್ನೆ ಹನ್ನೊಂದನೇ ಮರಿಗೆ ತಿನ್ನಿಸಿದ್ದು ಯಾರು?”

“ನಾನೇ.”

ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದರು. “ಹತ್ತೊಂಬತ್ತು ವರ್ಷಕ್ಕೆ ಒಂದು ಸುಳ್ಳು. ಅದನ್ನ ಹೇಳೋಕೆ ಈ ವರ್ಷವೇ ಬೇಕಿತ್ತಾ?”

ಮರಿಯ ಮೂಗಿನಿಂದ, ಕೋಳಿಯ ಗಂಟಲಿಂದ ಹತ್ತಿಯ ಕಡ್ಡಿಯಲ್ಲಿ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ಮೂರನೇ ದಿನ ಫಲಿತಾಂಶ ಬಂತು: ಎರಡರಲ್ಲೂ ವೈರಸ್ ಇಲ್ಲ. ಕೋಳಿಗೆ ಬರೀ ಮುಪ್ಪು. ಆದರೆ ಆ ಮೂರು ದಿನ ಮರಿ ಮೀನು ಮುಟ್ಟಿರಲಿಲ್ಲ. ಕೊಳವೆಯಲ್ಲಿ ಇಳಿಸಿದ್ದನ್ನು ಕಕ್ಕಿಕೊಳ್ಳುತ್ತಿತ್ತು. ಅದರ ಬೆನ್ನುಮೂಳೆ ಕಾಣತೊಡಗಿತ್ತು.

“ಈಗಲಾದರೂ ಒಳಗೆ ಬಿಡ್ರಮ್ಮ.”

“ಇವತ್ತು ಆ ಕೋಳಿಗಿಲ್ಲ, ನಾಳೆದು ಯಾರಿಗೆ ಗೊತ್ತು? ಹೊರಗಿಂದಲೇ ಹೇಳಿಕೊಡು, ನಾನು ತಿನ್ನಿಸ್ತೀನಿ.”

ಬಕೆಟ್ಟಕ್ಕ ತಂತಿಬೇಲಿ ಹಿಡಿದು ಹೇಳಿದಳು. “ಗಲ್ಲದ ಕೆಳಗೆ ಕೈ ಕೊಡಿ. ಅವಸರ ಮಾಡಬೇಡಿ. ಅದೇ ಬಾಯಿ ತೆಗೆಯುತ್ತೆ.”

ಮರಿ ಬಾಯಿ ತೆರೆಯಲಿಲ್ಲ. ಅವಳ ದನಿ ಬಂದ ಕಡೆಗೇ ಕತ್ತು ತಿರುಗಿಸಿ, ಹೊಟ್ಟೆಯ ಮೇಲೆ ತೆವಳುತ್ತಾ ಬೇಲಿಗೆ ಬಂದು ಅರಚಿತು. ಮತ್ತೆ ಹೇಳಿದಳು, ಮತ್ತೆ ಅದು ಬೇಲಿಗೇ ಬಂತು. ಡಾಕ್ಟರಮ್ಮ ಕೈಯಲ್ಲಿ ಮೀನು ಹಿಡಿದುಕೊಂಡೇ ಅವಳತ್ತ ನೋಡಿದರು.

“ನೀನು ಇಲ್ಲಿರೋವರೆಗೂ ಇದು ನನ್ನ ಕೈಯಿಂದ ತಿನ್ನಲ್ಲ. ಹೊರಟುಹೋಗು.”

ಅವಳು ಹೋದಳು. ರಸ್ತೆಯ ತಿರುವು ದಾಟಿದರೂ ಮರಿಯ ಅರಚಾಟ ಕೇಳುತ್ತಲೇ ಇತ್ತು. ಕೇಳದಷ್ಟು ದೂರ ಹೋಗಬೇಕೆಂದು ಬೇಗಬೇಗ ನಡೆದಳು. ಬಸ್ ನಿಲ್ದಾಣದಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು. ಮೂರು ಬಸ್ಸು ಬಂದುಹೋದವು. ನಾಲ್ಕನೆಯದು ಬರುವಾಗ ಫೋನು ಬಂತು.

“ಎರಡು ತಿಂತು,” ಎಂದರು ಡಾಕ್ಟರಮ್ಮ. “ಉಗುಳಲಿಲ್ಲ. ನಾಳೆಯೂ ಈ ಕಡೆ ಬರಬೇಡ.”

“ಬರಲ್ಲಮ್ಮ,” ಎಂದು ಬಕೆಟ್ಟಕ್ಕ ಬಸ್ಸು ಹತ್ತಿದಳು.