ದಾರ ಹಿಡಿದು ನಿಂತಿದ್ದವನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅರ್ಧಕ್ಕೆ ಎದ್ದ ಕಾಂಪೌಂಡ್ ಗೋಡೆಯ ಪಕ್ಕ, ಗಂಡಸರ ಅಂಗಿಯ ತೋಳು ಮಡಚಿಕೊಂಡ ಹೆಂಗಸೊಬ್ಬರು ಕರಣೆಯಲ್ಲಿ ಗಾರೆ ಕಲಸುತ್ತಲೇ ಕೂಗುತ್ತಾರೆ: "ಆ ತುದೀಲಿ ಹೆಣ ನಿಲ್ಲಿಸಿದ್ರಾ?" ಹಾಲು ತರಲು ಹೊರಟವರೊಬ್ಬರು ಗಕ್ಕನೆ ನಿಂತುಬಿಡುತ್ತಾರೆ. ತಂಡದವರು ನಗುತ್ತಾರೆ. ಹೆಂಗಸು ನಗುವುದಿಲ್ಲ. "ಬಾಯಿ ತಪ್ಪಿ ಬಂತು" ಎಂದು ಕೆಳಗೆ ನೋಡುತ್ತಾರೆ.

ಇವರು ಗುಬ್ಬಿ ಮೇಸ್ತ್ರಿ. ವಯಸ್ಸು ಐವತ್ತು. ಇಟ್ಟಿಗೆ ಇಡಲು ಶುರುಮಾಡಿ ಮೂವತ್ತನಾಲ್ಕು ವರ್ಷ. ದಿನಕ್ಕೆ ಆರುನೂರು ಇಟ್ಟಿಗೆ ಈ ಒಂದು ಕೈಯಲ್ಲಿ ಕೂರುತ್ತವೆ. "ಹೆಂಗಸು ಕಟ್ಟಿದ ಗೋಡೆ ಹೆಂಗಸಿನ ಹಾಗೇ ಮಾತು ಕೇಳಲ್ಲ ಅಂತಿದ್ರು. ಗಂಡಸರು ಊಟ ಮಾಡಿ ಗೊರಕೆ ಹೊಡೆಯೋವಾಗ ಕದ್ದು ಕಲಿತೆ. ಎದ್ದು ನೋಡಿದ್ರೆ ಎರಡು ವರಸೆ ಇಟ್ಟಿಗೆ ಏರಿರೋದು. ಯಾರು ಇಟ್ಟಿದ್ದು ಅಂತ ಅವರಲ್ಲೇ ಜಗಳ!"

ಹೆಂಚಿನ ಎರಡು ಕೋಣೆಯ ಮನೆಯಲ್ಲಿ ಇವರೂ ತಾಯಿಯೂ ಇಬ್ಬರೇ. ಇವರಿಗೆ ಮೂರು ವರ್ಷವಿದ್ದಾಗ ಗೋಡೆ ಕೆಲಸಕ್ಕೆಂದು ದೂರದೂರಿಗೆ ಹೋದ ಅಪ್ಪ ತಿರುಗಿ ಬರಲಿಲ್ಲ. ಯಾವಳ ಹಿಂದೆಯೋ ಓಡಿಹೋದ ಎಂದು ಊರೆಲ್ಲ ಆಡಿಕೊಂಡಿತು. ತಾಯಿ ಇಟ್ಟಿಗೆ ಹೊತ್ತು ಮಗಳನ್ನು ಸಾಕಿದರು, ಹೊತ್ತಷ್ಟೂ ಬೈದರು. 'ಗುಬ್ಬಿ' ಅಪ್ಪ ಇಟ್ಟ ಅಡ್ಡಹೆಸರು.

ಕೆಲಸದ ವಿಚಿತ್ರ ಮಾತುಗಳ ಹುಟ್ಟು ಕೆದಕುವುದು ಮೇಸ್ತ್ರಿಗೆ ಮೊದಲಿನಿಂದಲೂ ಹುಚ್ಚು. ಇಟ್ಟಿಗೆಯ ಮೇಲಿನ ಗುಳಿ ಇವರ ತಂಡದಲ್ಲಿ 'ಕಪ್ಪೆ'. ಮಳೆನೀರು ನಿಂತರೆ ಅದರಲ್ಲಿ ಕಪ್ಪೆ ಕೂರುತ್ತಿತ್ತಂತೆ. ಉದ್ದಕ್ಕೆ ಸೀಳಿದ ತುಂಡು 'ರಾಣಿ'. "ಸಣ್ಣ ಸೊಂಟದವಳು, ಆದ್ರೆ ಅವಳು ಬರದೆ ಮೂಲೆ ಮುಗಿಯಲ್ಲ." ಗೋಡೆಯ ಒಂದು ತುದಿಗಿಂತ ಇನ್ನೊಂದರಲ್ಲಿ ಒಂದು ವರಸೆ ಹೆಚ್ಚು ಬಂದರೆ 'ಗೋಡೆಗೆ ಹಂದಿ ನುಗ್ಗಿದೆ' ಅಂತ. ಮೂಲೆ ಇನ್ನೂ ಏಳದ ಕಡೆ ಅಳತೆಯ ದಾರ ಕಟ್ಟಲು ತಾತ್ಕಾಲಿಕವಾಗಿ ಪೇರಿಸುವ ಇಟ್ಟಿಗೆ ಕಂಬ 'ಹೆಣ'. ಅದೊಂದರ ಮೂಲ ಮಾತ್ರ ಯಾರಿಗೂ ಗೊತ್ತಿರಲಿಲ್ಲ. "ಅಲ್ಲಾಡದೆ ಇರುತ್ತಲ್ಲ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ."

ಮೂರು ವಾರದ ಹಿಂದೆ ಇದೇ ಗೋಡೆಗೆ ಪಾಯ ತೆಗೆದು ದಾರ ಕಟ್ಟುತ್ತಿದ್ದರು. ಮನೆ ಯಜಮಾನರ ಮಾವ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಅವರೂ ಒಂದು ಕಾಲದಲ್ಲಿ ಗಾರೆಯವರೇ. 'ಹೆಣ' ಎಂಬ ಕೂಗು ಕಿವಿಗೆ ಬಿದ್ದದ್ದೇ ಮುದುಕರ ಮುಖ ಕಪ್ಪಿಟ್ಟಿತು.

"ಆ ಮಾತು ಆಡಬೇಡಮ್ಮ. ಆ ಹೆಣ ನಾನು ಕಣ್ಣಾರೆ ಕಂಡಿದ್ದೀನಿ."

ಇಂಥದ್ದಕ್ಕೇ ಕಾದವರಂತೆ ಮೇಸ್ತ್ರಿ ಎದುರು ಕೂತರು. ಮುದುಕರು ಹೇಳಿದರು: ಐವತ್ತು ವರ್ಷದ ಹತ್ತಿರವಾಯಿತು, ಆಗೆಲ್ಲ ದಾರದ ತುದಿಯನ್ನು ಮನುಷ್ಯರೇ ಹಿಡಿದು ನಿಲ್ಲುತ್ತಿದ್ದರು. ಒಂದು ಗಿರಣಿಯ ಕೆಲಸದಲ್ಲಿ ಕಂಟ್ರಾಕ್ಟರು ಅವಸರ ಮಾಡಿ ಹಸಿ ಗೋಡೆಯನ್ನೇ ಎತ್ತರಿಸಿದ. ದಾರ ಹಿಡಿದವನ ಬೆನ್ನ ಮೇಲೆ ಅದು ಕುಸಿಯಿತು. ಇಟ್ಟಿಗೆ ತೆಗೆದಾಗಲೂ ದಾರ ಮುಷ್ಟಿಯಲ್ಲೇ ಇತ್ತು. ಅವನ ಊರು ಯಾರಿಗೂ ಗೊತ್ತಿಲ್ಲ ಎಂದು ಕಂಟ್ರಾಕ್ಟರ ಕಡೆಯವರು ಅವತ್ತೇ ಮಣ್ಣು ಮಾಡಿಸಿ, ಕಂಡವರನ್ನೆಲ್ಲ ಚದುರಿಸಿದರು. ಮಾರನೆಯ ದಿನ ಅವನಿದ್ದ ಜಾಗದಲ್ಲಿ ಇಟ್ಟಿಗೆ ಪೇರಿಸಿ ದಾರ ಕಟ್ಟಿದರು. ಆಳುಗಳೇ ಅದಕ್ಕೆ ಆ ಹೆಸರಿಟ್ಟರು.

"ಯಾರು ಅವನು?" ಎಂದು ಕೇಳಿದರು ಮೇಸ್ತ್ರಿ.

"ಹೊಸಬ. ಎಡಚ. ಊಟಕ್ಕೆ ಕೂತಾಗೆಲ್ಲ ಒಂದೇ ಮಾತು, 'ಮನೇಲಿ ನನ್ನ ಗುಬ್ಬಿಗೆ ಮೂರು ತುಂಬ್ತು, ಈ ಗೋಡೆ ಮುಗಿಸಿ ಹೊರಟೆ' ಅಂತ."

ಅದನ್ನು ನೆನೆದು ಮೇಸ್ತ್ರಿ ಹೇಳುತ್ತಾರೆ: "ಭೂಮಿ ಬಾಯಿಬಿಟ್ಟ ಹಾಗಾಯ್ತು. ಅಪ್ಪನೂ ಎಡಚ. ಮೂವತ್ತನಾಲ್ಕು ವರ್ಷ, ದಿನಾ ಬೆಳಿಗ್ಗೆ, ನನ್ನ ಬಾಯಲ್ಲೇ ಅಪ್ಪನ್ನ ಹೆಣ ಅಂತ ಕೂಗಿದ್ದೀನಿ!"

ಆ ಸಂಜೆ ತಾಯಿಗೆ ಹೇಳಿದರು. ಅವರು ಸೊಪ್ಪು ಬಿಡಿಸುತ್ತಿದ್ದರು. "ಹಾಗಾದ್ರೆ ಓಡಿಹೋಗಿರಲಿಲ್ವಾ?" ಅಂದರು. ಆಮೇಲೆ ಗೋಡೆಗೆ ಒರಗಿ, "ನಲವತ್ತೇಳು ವರ್ಷ ಬೈದೆನಲ್ಲೇ" ಅಂದರು. ಎರಡು ದಿನ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಮೂರನೆಯ ದಿನ ಮೇಸ್ತ್ರಿ ಕೆಲಸಕ್ಕೆ ಬಂದರು. ಆ ಪದ ಬೇಡ ಎಂದು ತಂಡಕ್ಕೆ ಹೇಳಿದ್ದಾರೆ. ನಾಲಿಗೆ ಮಾತ್ರ ಹಳೇ ದಾರಿ ಬಿಡುತ್ತಿಲ್ಲ. ಇದೇ ಗೋಡೆಯ ಎರಡನೇ ಬದಿಯಲ್ಲಿ ಹಸಿ ಗಾರೆಯ ಮೇಲೆ ಇನ್ನೊಂದು ವರಸೆ ಏರಿಸಿ ಎಂದು ಯಜಮಾನರು ಒತ್ತಾಯಿಸಿದಾಗ, "ಬೇಕಾದ್ರೆ ಬೇರೆಯವರನ್ನ ಕರ್ಕೊಳ್ಳಿ" ಎಂದು ಕರಣೆ ತೊಳೆದಿಟ್ಟರಂತೆ. ಯಜಮಾನರೇ ತಗ್ಗಿದರು.

ಆ ಗಿರಣಿಯ ಗೋಡೆ ಇನ್ನೂ ನಿಂತಿದೆಯಂತೆ. ಬಸ್ಸಲ್ಲಿ ಒಂದು ಹಗಲಿನ ದಾರಿ. ಮಳೆಗೆ ಮುಂಚೆ ತಾಯಿಯನ್ನು ಕರೆದುಕೊಂಡು ಹೋಗಬೇಕು, ಅದೊಂದೇ ಆಸೆ.

"ಅಮ್ಮನಿಗೆ ಮಂಡಿ ನೋವು, ಎತ್ಕೊಂಡಾದ್ರೂ ಹೋಗ್ತೀನಿ. ಅಲ್ಲಿ ನಾನು ದೂರ ನಿಲ್ಲಬೇಕಂತೆ. ಅವನ ಹತ್ರ ಒಬ್ಬಳೇ ಮಾತಾಡೋದಿದೆ ಅಂತಾಳೆ."